ಕೆಡವುವುದೋ, ಉಳಿಸುವುದೋ?

ಚಿಕ್ಕಮಗಳೂರಿನ ಕಡೆ ಪುರಸಭೆಯ ಜಾಗದಲ್ಲಿ ಹಳೆಯ ಹೆಂಚಿನ ಕಟ್ಟಡ ಬೀಗ ಹಾಕಿಕೊಂಡು ನಿಂತಿದ್ದರೆ, ನಿರ್ಧಾರವನ್ನು ಇನ್ನೊಂದು ಮಳೆಗಾಲದಾಚೆಗೆ ತಳ್ಳಬೇಡಿ. ಒಂದು ಹೆಂಚು ಜಾರಿದರೆ ಸಾಕು, ನೀರು ಮೊದಲು ಹೆಂಚು ಕೂರುವ ಅಡ್ಡಪಟ್ಟಿಯಾದ ರೀಪಿಗೆ, ಆಮೇಲೆ ರೀಪನ್ನು ಹೊರುವ ಇಳಿಜಾರು ಮರವಾದ ಪಕಾಸಿಗೆ, ಕೊನೆಗೆ ಗೋಡೆಯ ನೆತ್ತಿಗೆ ಇಳಿಯುತ್ತದೆ.

ದುರಸ್ತಿಯನ್ನು ಹಂತಹಂತವಾಗಿ ಮಾಡಬಹುದು: ಈ ವರ್ಷ ಸೂರು, ಮುಂದಿನ ವರ್ಷ ನೆಲ. ಆದರೆ ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತುವವರಿಗೆ ಕೆಲಸ ಕೊಡುವುದಾದರೆ ಕೆಡವಿದ್ದೇ ವಾಸಿ; ತೇವ ಹೊರಬರಲಾಗದೆ ಒಳಗೇ ಕುಳಿತು ಗೋಡೆಯನ್ನು ತಿನ್ನುತ್ತದೆ. ತೊಲೆಯ ತುದಿ ಗೋಡೆಯೊಳಗೆ ಸೇರುವಲ್ಲಿ ಚಾಕು ಚುಚ್ಚಿ ನೋಡಿ. ಬೆಣ್ಣೆಗೆ ಇಳಿದಂತೆ ಇಳಿದರೆ ಆ ತೊಲೆ ಮುಗಿಯಿತು. ಉಳಿದವು ಗಟ್ಟಿಯಿದ್ದರೆ ಕಟ್ಟಡವೇನೂ ಮುಗಿದಿಲ್ಲ.

ಅಡಿಪಾಯ ಕುಸಿದು ಗೋಡೆ ವಾಲಿದ್ದರೆ ಕೆಡವುವುದೇ ಸರಿ. ಹೊಸ ಮಳಿಗೆಗೆ ಹಣ ಕೈಯಲ್ಲಿಲ್ಲದೆ ಕೆಡವಿದರೆ ಮಾತ್ರ ಅಲ್ಲಿ ಬೆಳೆಯುವುದು ಪಾರ್ಥೇನಿಯಂ.

ಇನ್ನು ಕಟ್ಟಡವನ್ನು ಬಾಡಿಗೆಗೆ, ಅಂದರೆ ಗುತ್ತಿಗೆಗೆ ಕೊಡುವ ಮಾತು. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ 72ನೇ ಪ್ರಕರಣದ ಕಟ್ಟುಪಾಡು ಅದಕ್ಕಿದೆ. ಸೂರಿನ ದುರಸ್ತಿ ಯಾರದೆಂದು ಕರಾರಿನಲ್ಲಿ ಬರೆಯದಿದ್ದರೆ, ಬಾಡಿಗೆದಾರ ಟಾರ್ಪಾಲು ಹೊದಿಸಿ ಕಾಫಿ ಮೂಟೆ ಪೇರಿಸುತ್ತಾನೆ, ಅಷ್ಟೆ.

ನನ್ನನ್ನು ಕೇಳಿದರೆ, ಮೇ ತಿಂಗಳೊಳಗೆ ಹೆಂಚು ಹೊದಿಸಿ. ಜಗಳವನ್ನು ಆಮೇಲೆ ಒಳಗೆ ಕುಳಿತೇ ಆಡಬಹುದು.