ಚಿಕ್ಕಮಗಳೂರಿಂದ ತಂದ ಹಳೇ ಪಿಎಸ್2 ಸ್ಲಿಮ್: 1,800 ರೂಪಾಯಿಗೆ ಮೋಸ ಇಲ್ಲ

ಸೆಕೆಂಡ್ ಹ್ಯಾಂಡ್ ಪಿಎಸ್2 (ಟಿವಿಗೆ ಹಾಕಿ ಆಡೋ ಸೋನಿಯ ಹಳೇ ವಿಡಿಯೋ ಗೇಮ್ ಯಂತ್ರ, ಪ್ಲೇಸ್ಟೇಷನ್ 2) ನೋಡೋಕೆ ಹೋಗುವವರು ಬ್ಯಾಗಿಗೆ ಎರಡು ಡಿಸ್ಕ್ ಹಾಕಿಕೊಳ್ಳಿ. ಒಂದು ಹಾಡಿನ ಸಿಡಿ, ಇನ್ನೊಂದು ಗೇಮ್ ಡಿವಿಡಿ. ಹೋದ ವರ್ಷ ಇಲ್ಲೇ ಹಾಸನದಲ್ಲಿ 1,500 ರೂಪಾಯಿ ಕಳೆದುಕೊಂಡ ಮೇಲೆ ನನಗೆ ಬಂದ ಬುದ್ಧಿ ಇದು. ಲೈಟ್ ಬಂತು, ಟಿವಿಯಲ್ಲಿ ಚಿತ್ರ ಬಂತು, "ಡಿಸ್ಕ್ ಎಲ್ಲೋ ಹೋಗಿದೆ ಬ್ರೋ, ಪಕ್ಕಾ ವರ್ಕಿಂಗ್" ಅಂದ ಮಾರುವವ, ನಾನೂ ನಂಬಿದೆ. ಮನೆಗೆ ತಂದು ಡಿಸ್ಕ್ ಹಾಕಿದರೆ ಬರೀ ಕೆಂಪು ಪರದೆ. ಆಸಾಮಿ ಆಮೇಲೆ ಫೋನೇ ಎತ್ತಲಿಲ್ಲ.

ಈ ಸಲ ಚಿಕ್ಕಮಗಳೂರಿನ ಒಬ್ಬರು ಆಂಟಿ ಹತ್ತಿರ ಪಿಎಸ್2 ಸ್ಲಿಮ್ (ಆಮೇಲೆ ಬಂದ ತೆಳು ಮಾಡೆಲ್) ಇದೆ ಅಂತ ಗೊತ್ತಾಯ್ತು. ಜುಲೈ ಮಳೆಯಲ್ಲಿ ಬೇಲೂರು ಮೇಲೆ ಬಸ್ಸಲ್ಲಿ ಹೋದೆ, ಕಿಟಕಿ ಮುಚ್ಚಿದ್ದರೂ ಒಂದು ಮಂಡಿ ಪೂರ್ತಿ ನೆನೆದಿತ್ತು. ಮಗ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಎಷ್ಟೋ ವರ್ಷ ಆಯ್ತಂತೆ. "ತಗೊಂಡ್ಹೋಗಪ್ಪ, ಬೀರು ಮೇಲೆ ಜಾಗ ಆದ್ರೂ ಆಗುತ್ತೆ" ಅಂದರು. ಕಾಫಿ ಕೊಟ್ಟರು. ಆ ಕಾಫಿಗೆ ಬೇರೆಯೇ ರಿವ್ಯೂ ಬರೀಬೇಕು.

ಹಾಡಿನ ಸಿಡಿ ಓಡಿತು. ಡಿವಿಡಿ ಹಾಕಿದರೆ ಒಳಗೆ ಟಿಕ್ ಟಿಕ್ ಅಂದು ಸುಮ್ಮನಾಯ್ತು. ಪಿಎಸ್2 ಒಳಗೆ ಸಿಡಿಗೊಂದು ಲೇಸರ್, ಡಿವಿಡಿಗೊಂದು ಲೇಸರ್, ಎರಡಕ್ಕೂ ಲೆನ್ಸ್ ಮಾತ್ರ ಒಂದೇ. ಹಾಗಾಗಿ ಸಿಡಿ ಓಡಿತು ಅಂದ ಮಾತ್ರಕ್ಕೆ ಗೇಮ್ ಓಡುತ್ತೆ ಅಂತಲ್ಲ. ಬರೀ ಧೂಳಾಗಿದ್ದರೆ ಬಚಾವ್, ಲೇಸರೇ ಸತ್ತಿದ್ದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಇದನ್ನೇ ಹೇಳಿದೆ, 3,000 ಇದ್ದದ್ದು 1,800ಕ್ಕೆ ಇಳಿಯಿತು.

ಅಡಿಮೇಲು ಮಾಡಿ ಮಾಡೆಲ್ ನಂಬರ್ ನೋಡೋದನ್ನೂ ಮರೀಬೇಡಿ. ನನ್ನದು 90000 ಸರಣಿಯದು, ಅಡಾಪ್ಟರ್ ಒಳಗೇ ಇದೆ, ಟೇಪ್ ರೆಕಾರ್ಡರ್‌ಗೆ ಹಾಕುತ್ತಿದ್ದ ಎಂಟರ ಆಕಾರದ ತುದಿಯ ವೈರ್ ಸಾಕು. ಅದಕ್ಕಿಂತ ಹಿಂದಿನ ಸ್ಲಿಮ್‌ಗಳಿಗೆ 8.5 ವೋಲ್ಟಿನ ಅಡಾಪ್ಟರ್ ಹೊರಗೆ ಬರುತ್ತೆ. ಅದು ಕಳೆದುಹೋಗಿದ್ದರೆ ಹುಡುಕೋದೇ ದೊಡ್ಡ ಕೆಲಸ. ಮನೆಯಲ್ಲಿ ಬಿದ್ದಿರೋ ಯಾವುದೋ ಅಡಾಪ್ಟರ್ ಚುಚ್ಚಲು ಮಾತ್ರ ಹೋಗಬೇಡಿ.

ಸ್ಲಿಮ್‌ನಲ್ಲಿ ನನಗೆ ಇಷ್ಟವಾದದ್ದು ಮುಚ್ಚಳ. ಹಳೇ ದಪ್ಪ ಪಿಎಸ್2ನಲ್ಲಿ ಲೆನ್ಸ್ ಕಾಣಬೇಕಾದರೆ ಪೂರ್ತಿ ಬಿಚ್ಚಬೇಕು, ಇದರಲ್ಲಿ ಮುಚ್ಚಳ ಎತ್ತಿದರೆ ಎದುರಿಗೇ ಇದೆ. ಹೆಸರುಕಾಳಿನಷ್ಟು ಗಾಜು. ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ, ಬಾಯಿಂದ ಊದಿದ ಕನ್ನಡಿ ಹಾಗೆ ಮಸುಕಾಗಿತ್ತು. ಮಲೆನಾಡಿನ ಶೀತದಲ್ಲಿ ಅಷ್ಟು ವರ್ಷ ಬೀರು ಮೇಲೆ ಕೂತಿದ್ದರೆ ಇನ್ನೇನಾಗುತ್ತೆ? ಮೊಬೈಲ್ ರಿಪೇರಿಯವರು ಬಳಸುವ ಐಸೋಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ, ಕಿವಿ ಕ್ಲೀನ್ ಮಾಡೋ ಹತ್ತಿಕಡ್ಡಿ, ಒತ್ತದೆ ಮೆಲ್ಲಗೆ ಸುತ್ತಿಸಿ ಒರೆಸಿದೆ. ಆದರೂ ಓದಲಿಲ್ಲ. ಆಮೇಲೆ ನೋಡಿದರೆ ಲೆನ್ಸ್ ಜಾರುವ ಕಂಬಿಯ ಗ್ರೀಸ್ ಒಣಗಿ ಅಂಟು ಅಂಟಾಗಿತ್ತು. ಅದನ್ನು ಒರೆಸಿ, ಕಡ್ಡಿ ತುದಿಯಲ್ಲಿ ಒಂಚೂರು ಬಿಳಿ ಗ್ರೀಸ್ ಹಚ್ಚಿ ಡಿಸ್ಕ್ ಹಾಕಿದೆ. ಗೇಮ್ ಶುರುವಾಯ್ತು, ರಾತ್ರಿ ಹನ್ನೊಂದೂವರೆ, ಕೂಗಿಕೊಂಡಿದ್ದಕ್ಕೆ ಮನೆಯವರು ಬೈದರು.

ಹೊಸ ಟಿವಿಗೆ ಕೆಂಪು-ಬಿಳಿ-ಹಳದಿ ಪಿನ್ ಹಾಕೋಕೆ ಜಾಗ ಇಲ್ಲದಿದ್ದರೆ ಪಿಎಸ್2ಗೆ ಅಂತಲೇ ಸಿಗುವ ಚಿಕ್ಕ ಎಚ್‌ಡಿಎಂಐ ಕನ್ವರ್ಟರ್ ತಗೊಳ್ಳಿ. ಬಣ್ಣ ಎಡವಟ್ಟಾಗಿ ಬಂದರೆ ಅದು ಕೆಟ್ಟಿದೆ ಅಂದುಕೊಳ್ಳಬೇಡಿ, ಪಿಎಸ್2 ಸೆಟ್ಟಿಂಗ್‌ನಲ್ಲಿ ಕಾಂಪೊನೆಂಟ್ ವಿಡಿಯೋ ಔಟ್ ಅನ್ನೋದು ಆರ್‌ಜಿಬಿಯಲ್ಲಿದೆಯಾ ನೋಡಿ, ಇದ್ದರೆ ಇನ್ನೊಂದಕ್ಕೆ ಬದಲಾಯಿಸಿ. ಚಿತ್ರ ಸ್ವಲ್ಪ ಮಂಜು ಮಂಜಾಗೇ ಇರುತ್ತೆ. ಮನೆಯಲ್ಲಿ ಹಳೇ ಡಬ್ಬಾ ಟಿವಿ ಇದ್ದರೆ ಅದರಲ್ಲೇ ಚೆಂದ, ಸುಳ್ಳಲ್ಲ.

ಆಡಿದ ಆಟ ಸೇವ್ ಆಗೋ 8 ಎಂಬಿ ಮೆಮೊರಿ ಕಾರ್ಡನ್ನೂ ಆಂಟಿ ಬಿಚ್ಚದೆ ಹಾಗೇ ಕೊಟ್ಟಿದ್ದರು. ಪಿಎಸ್2 ಆನ್ ಮಾಡಿದಾಗ ಕತ್ತಲಲ್ಲಿ ಕಂಬಗಳು ಏಳುತ್ತವಲ್ಲ, ಅವು ಸುಮ್ನೆ ಅಲಂಕಾರಕ್ಕಲ್ಲ, ಆ ಕಾರ್ಡಿನ ಲೆಕ್ಕದಲ್ಲಿ ಯಾವ ಗೇಮ್ ಎಷ್ಟು ಆಡಿದ್ದಾರೋ ಅದರ ಮೇಲೆ ಏಳುವಂಥವು. ನನ್ನ ಪರದೆ ತುಂಬ ಕಂಬಗಳು! ಕಾರ್ಡಿನೊಳಗೆ ಕ್ರಿಕೆಟ್ 07 ಗೇಮಿನ ಸೇವ್ ಇತ್ತು, 2011ರ ತಾರೀಕು. ಅಳಿಸೋಕೆ ಮನಸ್ಸು ಬರಲಿಲ್ಲ. ನನಗೆ ಬೇರೆ ಕಾರ್ಡ್ ತರಿಸಿಕೊಂಡೆ, ಇದನ್ನು ಮುಂದಿನ ಸಲ ಆ ಕಡೆ ಹೋದಾಗ ಆಂಟಿ ಕೈಗೆ ಕೊಟ್ಟು ಬರಬೇಕು.