ಜೋಳ, ರಾಗಿ, ಸಜ್ಜೆ: ಮೂರು ಹುಳಿ ಅಂಬಲಿ, ಎರಡು ವಿಧಾನ

ರಾಯಚೂರಿನ ಏಪ್ರಿಲ್ ಬಿಸಿಲಿಗೆ ಯಾವ ಹಿಟ್ಟಿನ ಅಂಬಲಿ ಮೇಲು ಅನ್ನೋ ವಾದ ಮುಗಿಯೋದಲ್ಲ. ಒಂದೇ ಅಳತೆಯಲ್ಲಿ ಮೂರನ್ನೂ ಮಾಡಿ ಕುಡಿದು ನೋಡಿ. ಹುಳಿ ಬರಿಸಿದ್ದು ಕುದಿಸುವ ಮೊದಲೋ ಆಮೇಲೋ ಅನ್ನೋದೇ ರುಚಿಯನ್ನು ಹೆಚ್ಚು ತಿರುಗಿಸುತ್ತದೆ.

ಅಳತೆ 50 ಗ್ರಾಂ ಹಿಟ್ಟಿಗೆ 1 ಲೀಟರ್ ನೀರು. ಮೊದಲ ವಿಧಾನದಲ್ಲಿ ರಾತ್ರಿ ಹಿಟ್ಟನ್ನು 200 ಮಿ.ಲೀ. ನೀರಲ್ಲಿ ಕಲಸಿ, ಒಂದು ಚಮಚ ಮಜ್ಜಿಗೆ ಬಿಟ್ಟು ಮುಚ್ಚಿಡಬೇಕು. ಬೆಳಿಗ್ಗೆ ಉಳಿದ 800 ಮಿ.ಲೀ. ಎಸರು ಮರಳುವಾಗ ಸಣ್ಣ ಧಾರೆಯಾಗಿ ಹೊಯ್ದು 8-10 ನಿಮಿಷ ಕೈಬಿಡದೆ ತಿರುವಬೇಕು. ಒಣ ಹಿಟ್ಟನ್ನೇ ಎಸರಿಗೆ ಸುರಿದರೆ ಹೊರಪದರ ಬೆಂದು ಒಳಗೆ ಹಸಿ ಉಳಿಯುತ್ತದೆ, ಗಂಟು ಕಟ್ಟೋದು ಹೀಗೇ. ಕುದಿದಾಗ ಹುಳಿಯ ಬ್ಯಾಕ್ಟೀರಿಯಾ ಸಾಯುವುದರಿಂದ ಬೆಳಗಿನ ರುಚಿ ಮಧ್ಯಾಹ್ನಕ್ಕೂ ಹೆಚ್ಚುಕಡಿಮೆ ಅದೇ.

ಎರಡನೆಯದು, ರಾತ್ರಿಯೇ ಕುದಿಸಿ ಆರಿಸಿ, ಕಾಲು ಲೋಟ ಮಜ್ಜಿಗೆ ಬೆರೆಸಿಡೋದು. ಬೆಳಿಗ್ಗೆ 6ಕ್ಕೆ ಘಮದಲ್ಲಿ ಇದನ್ನು ಯಾವುದೂ ಮೀರಿಸೋದಿಲ್ಲ. ಆದರೆ ಹುಳಿ ಏರುತ್ತಲೇ ಹೋಗುತ್ತದೆ. ಬುತ್ತಿ ಜತೆ ಹೊಲಕ್ಕೆ ಒಯ್ದರೆ ಉಣ್ಣೋ ಹೊತ್ತಿಗೆ ಹಲ್ಲು ಜುಮ್ಮೆನ್ನುತ್ತದೆ. ಬಿಸಿ ಇದ್ದಾಗಲೇ ಮಜ್ಜಿಗೆ ಹಾಕಿದರೆ ಒಡೆಯುತ್ತದೆ, ಹುಳಿಯೂ ಸರಿಯಾಗಿ ಬರೋದಿಲ್ಲ.

ರುಚಿ ನೋಡುವಾಗ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ದೂರ ಇರಲಿ. ಹಿಟ್ಟಿನ ಕಹಿಯನ್ನು ಅವು ಮುಚ್ಚಿಬಿಡುತ್ತವೆ.

ಬಿಳಿಜೋಳದ್ದು ತೆಳು, ಹುಳಿ ನೇರವಾಗಿ ನಾಲಿಗೆಗೆ ಬರುತ್ತದೆ, ಬಾಯಾರಿಕೆಗೆ ಇದೇ ಸರಿ. ಲೋಟದಲ್ಲಿ ಹತ್ತು ನಿಮಿಷಕ್ಕೇ ಮೇಲೆ ತಿಳಿನೀರು ನಿಂತರೆ ಇನ್ನೂ ಬೇಯಬೇಕಿತ್ತು ಅಂತ ತಿಳಿಯಿರಿ. ರಾಗಿಯದ್ದು ಕಂದು, ಮಂದ, ಹುರಿದ ಧಾನ್ಯದಂಥ ವಾಸನೆ. ಆರಿದಂತೆ ಗಟ್ಟಿಯಾಗುವುದರಿಂದ 40 ಗ್ರಾಂ ಸಾಕು. ಹೊಟ್ಟೆ ತುಂಬುತ್ತದೆ, ದಾಹ ಅಷ್ಟಾಗಿ ಇಂಗೋದಿಲ್ಲ.

ಸಜ್ಜೆಯ ವಿಷಯದಲ್ಲಿ ಸ್ವಲ್ಪ ನಿಷ್ಠುರವಾಗಬೇಕು. ಕೊಪ್ಪಳದ ಕಡೆ ಮೆಚ್ಚಿ ಕುಡಿಯುವವರು ಮುನಿಸಿಕೊಳ್ಳಬಾರದು; ದೋಷ ಕಾಳಿನದಲ್ಲ, ಹಳೇ ಹಿಟ್ಟಿನದು. ಸಜ್ಜೆಯಲ್ಲಿ ಎಣ್ಣೆ ಅಂಶ ಹೆಚ್ಚು. ಬೀಸಿದ ಮೇಲೆ ಅದು ಬೇಗ ಕಮಟುತ್ತದೆ, ನುಂಗಿದ ಮೇಲೆ ಗಂಟಲಲ್ಲಿ ಕಹಿ ಉಳಿಯುತ್ತದೆ, ಹುಳಿ ಬರಿಸಿದರೂ ಅದು ಹೋಗದು. ಗಿರಣಿಯಿಂದ ತಂದು ಎರಡು-ಮೂರು ದಿನದೊಳಗಿನ ಹಿಟ್ಟಾದರೆ ಮಾತ್ರ, ಅದೂ ಮೊದಲ ವಿಧಾನದಲ್ಲೇ ಮಾಡಿ.

ಪಾತ್ರೆ ಮಣ್ಣಿನ ಗಡಿಗೆ ಅಥವಾ ಸ್ಟೀಲ್; ಹುಳಿಗೆ ಅಲ್ಯೂಮಿನಿಯಂ ಬೇಡ. ಗಡಿಗೆಗೆ ಸೋಪು ಹಾಕಿದರೆ ಮಣ್ಣು ಹೀರಿಕೊಂಡು ಅಂಬಲಿಗೆ ಬಿಡುತ್ತದೆ, ಬಿಸಿನೀರಲ್ಲಿ ಉಜ್ಜಿ ಬಿಸಿಲಿಗೆ ಬೋರಲು ಹಾಕಿ. ಹಿಟ್ಟಿನ ಮೇಲೆ ನೊರೆ ಬಂದರೆ ಹೆದರಬೇಕಿಲ್ಲ. ಗುಲಾಬಿ ಇಲ್ಲವೇ ಕಪ್ಪು ಬೂಸ್ಟು ಕಂಡರೆ ಇಡೀ ಗಡಿಗೆಯನ್ನು ಚೆಲ್ಲಿ.