ಚುಕ್ಕೆ ಎಲ್ಲಿ ನಿಲ್ಲಿಸಲಿ: ಒಂದು ಗಣಿತದ ಆ್ಯಪ್ ಜೊತೆ ಮೂರು ತಿಂಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಮೇಷ್ಟರೂ ಅಲ್ಲ, ಕಂಪ್ಯೂಟರ್ ಕಲಿತವಳೂ ಅಲ್ಲ. ನರ್ಸ್. ಇಪ್ಪತ್ತೊಂದು ವರ್ಷದ ಸರ್ವಿಸ್. ದೊಡ್ಡವರಿಗೆ ಗಣಿತವನ್ನು ಮೊದಲಿಂದ ಕಲಿಸುವ ಈ ಆ್ಯಪ್ ಹಾಕಿಕೊಂಡ ದಿನ ಅದು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಗಣಿತಕ್ಕೆ ನೀವೇ ಹತ್ತಕ್ಕೆ ಎಷ್ಟು ಕೊಡುತ್ತೀರಿ?" ಎರಡು ಅಂತ ಒತ್ತಿ ಡ್ಯೂಟಿಗೆ ಹೋದೆ.

ಅವತ್ತು ವಾರ್ಡಿನಲ್ಲಿ ಒಂಬತ್ತು ಡ್ರಿಪ್ ಓಡುತ್ತಿದ್ದವು. ಒಂದಕ್ಕೆ 500 ಎಂಎಲ್, ನಾಲ್ಕು ಗಂಟೆಯಲ್ಲಿ ಮುಗಿಯಬೇಕು, ಎಂಎಲ್‌ಗೆ 20 ಹನಿ ಬೀಳುವ ಸೆಟ್. ಗಂಟೆಗೆ 125, ಮೂರರಿಂದ ಭಾಗಿಸು, ನಿಮಿಷಕ್ಕೆ 42 ಹನಿ. ವಾಚು ನೋಡಿಕೊಂಡು ಹನಿ ಎಣಿಸಿದೆ, ಮುಂದಿನ ಹಾಸಿಗೆಗೆ ಹೋದೆ. ಇದು ಗಣಿತ ಅಂತ ಯಾವತ್ತೂ ಅನ್ನಿಸಿರಲಿಲ್ಲ. ಇದು ಕೆಲಸ. ಲೆಕ್ಕ ಬರತ್ತೆ ಸಿಸ್ಟರ್, ಗಣಿತ ಬರಲ್ಲ ಅಂತ ಜೊತೆಯವರೂ ಹೇಳುತ್ತಿರುತ್ತಾರೆ. ಎರಡೂ ಬೇರೆ ಬೇರೆ ಅನ್ನುವ ಹಾಗೆ.

ಹಾಕಿಕೊಂಡಿದ್ದು ಮಗಳ ದೆಸೆಯಿಂದ. ಆರನೇ ತರಗತಿ. ಭಿನ್ನರಾಶಿ ತಂದು ಮುಂದಿಟ್ಟಳು. ನಾನು ಪುಸ್ತಕ ನೋಡುವ ಮುಂಚೆಯೇ "ನಂಗೂ ಬರ್ತಿರ್ಲಿಲ್ಲ ಬಿಡು ಮರಿ" ಅಂದುಬಿಟ್ಟೆ. ಸಮಾಧಾನಕ್ಕೆ ಅಂದ ಮಾತು. ಅವಳು ಪುಸ್ತಕ ಮುಚ್ಚಿದ ವೇಗ ನೋಡಿ ನನಗೆ ಹೆದರಿಕೆಯಾಯಿತು. ರಜೆ ಮಂಜೂರಾದವಳ ಹಾಗಿತ್ತು ಮುಖ.

ಸರಿ, ಆ್ಯಪ್ ವಿಷಯ. ಶುರುವಿನಲ್ಲಿ ಒಂಬತ್ತು ಪ್ರಶ್ನೆಯ ಒಂದು ಪಟ್ಟಿ ಬರುತ್ತದೆ. ಗಣಿತದ ಭಯ ಅಳೆಯಲು 2003ರಲ್ಲಿ ಸಿದ್ಧವಾದ ಪಟ್ಟಿ ಅದು. 1972ರಲ್ಲಿ ರಿಚರ್ಡ್‌ಸನ್ ಮತ್ತು ಸುಯಿನ್ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ್ದ ಹಳೆಯ ಪಟ್ಟಿಯಲ್ಲಿ 98 ಪ್ರಶ್ನೆಗಳಿದ್ದವು, ಇದರಲ್ಲಿ ಒಂಬತ್ತೇ ಸಾಕು. ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಭಯದ ಅಂಕ, ಒಟ್ಟು ಹೆಚ್ಚೆಂದರೆ 45. ನನಗೆ 34 ಬಂತು. "ಗಣಿತದ ಸೂತ್ರವನ್ನು ಇನ್ನೊಬ್ಬ ವಿದ್ಯಾರ್ಥಿ ವಿವರಿಸುವುದನ್ನು ಕೇಳುವುದು" ಅನ್ನುವುದಕ್ಕೆ ಯೋಚನೆಯೇ ಮಾಡದೆ ಐದು ಒತ್ತಿದ್ದೆ. ಆದರೆ ಒಂಬತ್ತೂ ಪ್ರಶ್ನೆಗಳು ತರಗತಿ, ಬೋರ್ಡು, ಪರೀಕ್ಷೆಯ ಸುತ್ತವೇ. ನಾನು ಬೋರ್ಡಿನ ಮುಂದೆ ನಿಂತು ಎಷ್ಟೋ ಕಾಲವಾಯಿತು. ರಾತ್ರಿ ಎರಡು ಗಂಟೆಗೆ ಡಾಕ್ಟರು ಫೋನಿನಲ್ಲಿ ಡೋಸ್ ಹೇಳಿದಾಗ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ಕೇಳುವ ಪ್ರಶ್ನೆ ಅದರಲ್ಲಿಲ್ಲ. ದೊಡ್ಡವರಿಗಾಗಿಯೇ ಮಾಡಿದ್ದು ಅಂತ ಹೇಳಿಕೊಳ್ಳುವ ಆ್ಯಪ್‌ಗೆ ಇದು ಸಣ್ಣ ಕೊರತೆಯೇನಲ್ಲ.

ಈಗ ಇದರ ಜೀವಾಳಕ್ಕೆ ಬರುತ್ತೇನೆ. ಪ್ರತಿ ಲೆಕ್ಕದ ಕೆಳಗೆ ಒಂದು ಗೆರೆ, ಗೆರೆಯ ಮೇಲೆ ಬೆರಳಿಂದ ಎಳೆಯಬಹುದಾದ ಒಂದು ಚುಕ್ಕೆ. ಉತ್ತರ ಬರೆಯುವ ಮುಂಚೆ ಆ ಚುಕ್ಕೆಯನ್ನು ಸೊನ್ನೆಯಿಂದ ನೂರರೊಳಗೆ ಎಲ್ಲಾದರೂ ನಿಲ್ಲಿಸಬೇಕು: "ಇದು ನನಗೆ ಸರಿ ಬರುತ್ತದೆ ಎಂಬ ನಂಬಿಕೆ ಎಷ್ಟು?" ನಿಲ್ಲಿಸದೆ ಉತ್ತರದ ಜಾಗ ತೆರೆಯುವುದೇ ಇಲ್ಲ. ಮೊದಲ ವಾರ ಇದು ಕಿರಿಕಿರಿ. ಲೆಕ್ಕ ಕೊಡಪ್ಪಾ, ನನ್ನ ಮನಸ್ಸು ಕಟ್ಟಿಕೊಂಡು ಏನಾಗಬೇಕು ನಿನಗೆ ಅಂತ ಬೈದುಕೊಳ್ಳುತ್ತಿದ್ದೆ. ಮೂರು ವಾರ ಕಳೆದ ಮೇಲೆ ಅದು ಒಂದು ಪುಟ ತೋರಿಸಿತು. ಅದನ್ನು ನೋಡಿ ಸುಮ್ಮನೆ ಕೂತೆ.

ಒಟ್ಟು 412 ಲೆಕ್ಕ. ನನ್ನ ಚುಕ್ಕೆಯ ಸರಾಸರಿ 38. ಸರಿ ಬಂದಿದ್ದು ನೂರಕ್ಕೆ 77. ಅನುಪಾತದ ಲೆಕ್ಕಗಳಲ್ಲಿ ಚುಕ್ಕೆ 44, ಸರಿಯುತ್ತರ 93. ಭಿನ್ನರಾಶಿಯಲ್ಲಿ ಚುಕ್ಕೆ 20, ಸರಿಯುತ್ತರ 61. ಇಷ್ಟೇ ಆಗಿದ್ದರೆ "ನೀವಂದುಕೊಂಡದ್ದಕ್ಕಿಂತ ನೀವು ಜಾಣೆ" ಅನ್ನುವ ಸಿಹಿ ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಶೇಕಡಾ ಲೆಕ್ಕದಲ್ಲಿ ನನ್ನ ಚುಕ್ಕೆ 85, ಸರಿ ಬಂದಿದ್ದು 64. ಶೇಕಡಾ ಅಂದರೆ ನನಗೆ ಭಯವೇ ಇರಲಿಲ್ಲ. ಅದಕ್ಕೇ ನೋಡದೆ ಒತ್ತಿದ್ದೆ. ಒಂದು ಸಂಖ್ಯೆ ಶೇಕಡಾ 20 ಏರಿ, ಆಮೇಲೆ ಶೇಕಡಾ 20 ಇಳಿದರೆ ಏನಾಗುತ್ತದೆ? ಮೊದಲಿದ್ದಲ್ಲಿಗೇ ಬರುತ್ತದೆ ಅಂತ 95ಕ್ಕೆ ಚುಕ್ಕೆ ಇಟ್ಟು ಧೈರ್ಯವಾಗಿ ಬರೆದೆ. ನೂರು 120 ಆಗುತ್ತದೆ, 120ರ ಐದನೇ ಒಂದು ಭಾಗ 24, ಉಳಿಯುವುದು 96. ಎಲ್ಲಿ ಹೆದರಬೇಕಿತ್ತೋ ಅಲ್ಲಿ ಹೆದರಿರಲಿಲ್ಲ, ಹೆದರಬೇಕಿಲ್ಲದ ಕಡೆ ಬೆವರು ಸುರಿಸಿದ್ದೆ. ಇಷ್ಟು ವರ್ಷ "ನನ್ನ ಗಣಿತ" ಅಂತ ಒಂದೇ ಗಂಟು ಕಟ್ಟಿಟ್ಟಿದ್ದೆ. ಬಿಚ್ಚಿದರೆ ಒಳಗೆ ಏನೇನೋ ಇತ್ತು.

ಭಿನ್ನರಾಶಿಯ ಪಾಠದಲ್ಲಿ ಆದ ಒಂದು ಸಂಗತಿ ಹೇಳಲೇಬೇಕು. 20/60 ಅನ್ನು ಸಂಕ್ಷೇಪಿಸಿ ಅಂತ ಕೇಳಿತು. ಚುಕ್ಕೆ 25ರಲ್ಲಿಟ್ಟು ಮೂರನೇ ಒಂದು ಅಂತ ಬರೆದೆ. ಮುಂದಿನ ಲೆಕ್ಕಕ್ಕೆ ಹೋಗಲು ಬೆರಳು ಎತ್ತಿದವಳು ಅಲ್ಲೇ ನಿಂತೆ. ಎಂಎಲ್‌ಗೆ 20 ಹನಿ, ಗಂಟೆಗೆ 60 ನಿಮಿಷ. ನಾನು ದಿನಾ ಭಾಗಿಸುವ ಆ ಮೂರು ಎಲ್ಲಿಂದ ಬಂದಿದ್ದು ಅಂತ ಇಪ್ಪತ್ತೊಂದು ವರ್ಷದಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸೀನಿಯರ್ ಒಬ್ಬರು "ಈ ಸೆಟ್ಟಿಗೆ ಮೂರರಿಂದ ಭಾಗಿಸು, ಮೈಕ್ರೋ ಸೆಟ್ಟಿಗೆ ಹಾಗೇ ಬಿಡು" ಅಂದಿದ್ದರು, ಅಷ್ಟೇ. ಮೈಕ್ರೋ ಸೆಟ್ಟಿನಲ್ಲಿ ಎಂಎಲ್‌ಗೆ 60 ಹನಿ. 60/60 ಒಂದು. ಅದಕ್ಕೇ ಹಾಗೇ ಬಿಡುವುದು! ಹೆದರಿ ಓಡುತ್ತಿದ್ದ ಭಿನ್ನರಾಶಿಯನ್ನೇ ಪಾಳಿಗೆ ಹತ್ತು ಸಲ ಮಾಡುತ್ತಿದ್ದೆ, ಅದರ ಹೆಸರು ಗೊತ್ತಿರಲಿಲ್ಲ. ಯಜಮಾನರನ್ನು ಎಬ್ಬಿಸಿ ಹೇಳಿದೆ. "ಹ್ಞೂಂ" ಅಂದು ಮಗ್ಗುಲಾದರು.

ಅದೇ ಪಾಠದ ಕೊನೆಯಲ್ಲಿ ಮಾನವೂ ಹೋಯಿತು. 12/13 ಮತ್ತು 7/8 ಕೂಡಿಸಿದರೆ ಸುಮಾರು ಎಷ್ಟು? ಆಯ್ಕೆಗಳು 1, 2, 19, 21. ನಾನು 19 ಒತ್ತಿದೆ. ಎರಡೂ ಹೆಚ್ಚುಕಡಿಮೆ ಒಂದೊಂದು, ಹಾಗಾಗಿ ಉತ್ತರ ಎರಡು. 1978ರಲ್ಲಿ ಅಮೆರಿಕದಲ್ಲಿ ನಡೆದ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಹದಿಮೂರು ವರ್ಷದ ಮಕ್ಕಳಿಗೆ ಇದೇ ಪ್ರಶ್ನೆ ಕೊಟ್ಟಾಗ ಸರಿ ಉತ್ತರ ಕೊಟ್ಟವರು ನೂರಕ್ಕೆ 24 ಮಂದಿ. ಗುಂಪಿನಲ್ಲಿದ್ದೇನೆ ಅನ್ನುವ ಸಮಾಧಾನ ಸ್ವಲ್ಪ ಹೊತ್ತು ಇತ್ತು. ಆಮೇಲೆ ಯೋಚಿಸಿದೆ: ಎರಡು ಎಂಎಲ್ ಎಳೆಯಬೇಕಾದ ಕಡೆ ಹತ್ತೊಂಬತ್ತು ಎಳೆಯುತ್ತಿದ್ದೆನೆ? ಕೈಯೇ ಬೇಡ ಅನ್ನುತ್ತಿತ್ತು. ಸಿರಿಂಜಿನಲ್ಲಿ ಸಂಖ್ಯೆಗೆ ಗಾತ್ರವಿದೆ. ಪರದೆಯ ಮೇಲೆ ಅದು ಬರೀ ಅಂಕಿ, ಅಂಕಿ ಕಂಡ ತಕ್ಷಣ ನಾನು ಆರನೇ ತರಗತಿಗೆ ವಾಪಸ್. ಈ ಆ್ಯಪ್ ಮಾಡಿದವರು ಸಂಖ್ಯೆಯ ಪಕ್ಕ ಒಂದು ಅಳತೆಪಟ್ಟಿಯನ್ನೋ ಒಂದು ಲೋಟವನ್ನೋ ತೋರಿಸಿದ್ದರೆ ಎಷ್ಟು ಚೆನ್ನಾಗಿತ್ತು.

ಬೈಯುವುದಿದೆ, ಬೈಯುತ್ತೇನೆ. ಟೈಮರ್. ಪ್ರತಿ ಲೆಕ್ಕದ ಮೇಲೂ ಹತ್ತು ಸೆಕೆಂಡಿನ ಗಡಿಯಾರ, ಕೊನೆಯ ಮೂರು ಸೆಕೆಂಡು ಕೆಂಪಾಗಿ ಮಿಣುಕುತ್ತದೆ. ಏಳೆಂಟ್ಲ ಐವತ್ತಾರು ಅಂತ ನಿದ್ದೆಯಲ್ಲೂ ಹೇಳುವವಳು ನಾನು, ಆ ಕೆಂಪು ಕಂಡರೆ ಐವತ್ನಾಲ್ಕೋ ಐವತ್ತಾರೋ ಅಂತ ತಡವರಿಸುತ್ತೇನೆ. ತಮಾಷೆ ಅಂದರೆ, ಹೀಗೇಕಾಗುತ್ತದೆ ಅಂತ ವಿವರಿಸುವ ಪಾಠವೂ ಅದೇ ಆ್ಯಪ್‌ನಲ್ಲಿದೆ. ಆ್ಯಶ್‌ಕ್ರಾಫ್ಟ್ ಮತ್ತು ಕರ್ಕ್ ಎಂಬ ಮನಶ್ಶಾಸ್ತ್ರಜ್ಞರು 2001ರಲ್ಲಿ ಪ್ರಕಟಿಸಿದ ಪ್ರಯೋಗಗಳ ಬಗ್ಗೆ ಹೇಳುತ್ತದೆ. ಲೆಕ್ಕ ಮಾಡುವಾಗ ದಶಕವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುತ್ತೇವಲ್ಲ, ಆ ಜಾಗವನ್ನೇ ಭಯವೂ ಬಂದು ಆಕ್ರಮಿಸುತ್ತದೆ. ಮಾತ್ರೆ ಎಣಿಸುವಾಗ ಮೂರು ಹಾಸಿಗೆಯಿಂದ ಒಟ್ಟಿಗೆ ಬೆಲ್ ಹೊಡೆದ ಹಾಗೆ. ಎಣಿಸಲು ಬರುವುದಿಲ್ಲ ಅಂತಲ್ಲ, ಎಣಿಕೆ ಎಲ್ಲಿಗೆ ಬಂದಿತ್ತು ಅನ್ನುವುದು ಹೋಗಿಬಿಡುತ್ತದೆ. ಇಷ್ಟು ಚೆನ್ನಾಗಿ ಹೇಳಿಕೊಟ್ಟು ಮುಂದಿನ ಪುಟದಲ್ಲೇ ಕೆಂಪು ಗಡಿಯಾರ ಇಟ್ಟರೆ ಏನನ್ನಬೇಕು! ಅದನ್ನು ಆರಿಸಬಹುದು. ಆದರೆ ಆ ಆಯ್ಕೆ ಸೆಟ್ಟಿಂಗ್ಸ್‌ನ ನಾಲ್ಕನೇ ಪದರದಲ್ಲಿ ಅಡಗಿದೆ, ನನಗೆ ಸಿಕ್ಕಿದ್ದು ಐದನೇ ವಾರ.

ಇನ್ನು ಅದರ ಹೊಗಳಿಕೆ. ಆರು ಏಳು ಕೂಡಿಸಿದರೆ "ನೀವು ಜೀನಿಯಸ್!" ಅಂತ ಬಣ್ಣದ ಕಾಗದ ಹಾರಿಸುತ್ತದೆ. ನಲವತ್ತಾರು ವಯಸ್ಸಿನವಳನ್ನು ಇದಕ್ಕಿಂತ ಚೆನ್ನಾಗಿ ಅವಮಾನಿಸಲಾಗದು. ನೈಟ್ ಡ್ಯೂಟಿ ಮುಗಿಸಿ ಒಂದು ದಿನ ತಪ್ಪಿಸಿದರೆ ಅಳುವ ಗೊಂಬೆ ಬರುತ್ತದೆ. ಕನ್ನಡ ಅನುವಾದವನ್ನು ಯಾರೂ ಓದಿ ನೋಡಿದ ಹಾಗಿಲ್ಲ. "ಏಳರ ಮೇಜನ್ನು ಅಭ್ಯಾಸ ಮಾಡಿ" ಅನ್ನುತ್ತದೆ, ಮಗ್ಗಿ ಅಂತ ಅರ್ಥ ಮಾಡಿಕೊಳ್ಳಬೇಕು. ಬೆಸ ಸಂಖ್ಯೆಗೆ "ವಿಚಿತ್ರ ಸಂಖ್ಯೆ" ಅಂದಿದೆ. ಇದೊಂದು ನನಗೆ ಇಷ್ಟವಾಯಿತು, ಬಿಡಿ.

ಸ್ಫೂರ್ತಿ ಕಥೆಗಳ ವಿಭಾಗವನ್ನು ಬೇಗ ದಾಟಿದೆ. ಇರಾನಿನ ಗಣಿತಜ್ಞೆ ಮರ್ಯಮ್ ಮಿರ್ಜಾಖಾನಿ ಶಾಲೆಯಲ್ಲಿ ಒಂದು ವರ್ಷ ಗಣಿತದಲ್ಲಿ ಹಿಂದೆ ಬಿದ್ದಿದ್ದರು, ಟೀಚರಿಗೆ ಅವರಲ್ಲಿ ಅಂಥ ಪ್ರತಿಭೆ ಕಂಡಿರಲಿಲ್ಲ, 2014ರಲ್ಲಿ ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆಯಾದರು. ನಿಜ, ದೊಡ್ಡದು. ಆದರೆ ಡೋಸ್ ಲೆಕ್ಕಕ್ಕೆ ಹೆದರುವವಳಿಗೆ ಪದಕದ ಕಥೆ ಹೇಳಿದರೆ ಅವರೆಲ್ಲಿ ನಾನೆಲ್ಲಿ ಅನ್ನಿಸುತ್ತದೆ ಅಷ್ಟೇ. ಹಿಡಿಸಿದ್ದು ಪೊಯಂಕಾರೆ. ಫ್ರಾನ್ಸಿನ ಅಷ್ಟು ದೊಡ್ಡ ಗಣಿತಜ್ಞ, ತಪ್ಪಿಲ್ಲದೆ ಒಂದು ಕೂಡುವ ಲೆಕ್ಕ ಮಾಡಲೂ ತನ್ನ ಕೈಲಾಗದು ಅಂತ ತಾನೇ ಬರೆದುಕೊಂಡಿದ್ದರಂತೆ.

ಬರೆಯುವ ಪುಟವೊಂದಿದೆ. ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಭಯದ ಬಗ್ಗೆ ಬರೆದ ವಿದ್ಯಾರ್ಥಿಗಳು, ಅದರಲ್ಲೂ ತುಂಬಾ ಹೆದರುವವರು, ಹೆಚ್ಚು ಅಂಕ ಪಡೆದ ಪ್ರಯೋಗವೊಂದು 2011ರಲ್ಲಿ ಪ್ರಕಟವಾಗಿತ್ತು, ಅದರ ಆಧಾರದ ಮೇಲೆ ಮಾಡಿದ್ದು. ಖಾಲಿ ಪುಟ, ಹತ್ತು ನಿಮಿಷ, ಯಾರೂ ಓದುವುದಿಲ್ಲ. ಏನು ಬರೆಯುವುದು ಅಂತ ಎರಡು ನಿಮಿಷ ಕೂತೆ. ಆಮೇಲೆ ಬೋರ್ಡು ಬಂತು. ಐದನೇ ತರಗತಿ, ಭಾಗಾಕಾರ, ಕೈಯಲ್ಲಿ ಚಾಕ್‌ಪೀಸ್. ಯಾವ ಲೆಕ್ಕ ಅಂತ ನೆನಪಿಲ್ಲ. ಒಂದು ಜಡೆಯ ರಿಬ್ಬನ್ ಬಿಚ್ಚಿ ಭುಜದ ಮೇಲೆ ಇಳಿಬಿದ್ದಿದ್ದು ನೆನಪಿದೆ, ಕಟ್ಟಿಕೊಳ್ಳೋಣ ಅಂದರೆ ಕೈ ಎತ್ತಲು ಭಯ. ಹಿಂದಿನಿಂದ ನಗು. ನಗು ನನ್ನ ಭಾಗಾಕಾರಕ್ಕೋ ರಿಬ್ಬನ್ನಿಗೋ ಅನ್ನುವುದು ಇವತ್ತಿಗೂ ಗೊತ್ತಿಲ್ಲ. ಭಾಗಾಕಾರಕ್ಕೇ ಅಂತ ನಾನೇ ತೀರ್ಮಾನಿಸಿಕೊಂಡು ಮೂವತ್ತೈದು ವರ್ಷ ಕಳೆದಿದ್ದೇನೆ. ಆವತ್ತಿನ ಪರೀಕ್ಷೆಯಲ್ಲಿ ಹೆಚ್ಚು ಅಂಕವೇನೂ ಬರಲಿಲ್ಲ. ಆದರೆ ಆ ಪುಟವನ್ನು ಅಳಿಸಿಲ್ಲ.

ಆ್ಯಪ್ ಜೊತೆ ನನ್ನ ದೊಡ್ಡ ಜಗಳ ಒಂದಿದೆ. ಚುಕ್ಕೆ ನೂರಕ್ಕೆ ಹೋದಷ್ಟೂ ಅದಕ್ಕೆ ಖುಷಿ, ಹಸಿರು ಬಣ್ಣ. ನನಗೆ ನೂರು ಬೇಡ. ವಾರ್ಡಿನಲ್ಲಿ ಹೊಸದಾಗಿ ಬಂದ ಹುಡುಗಿಯೊಬ್ಬಳಿದ್ದಾಳೆ, ಬಲು ಚುರುಕು, ಎಲ್ಲ ಮನಸ್ಸಿನಲ್ಲೇ ಮಾಡುತ್ತಾಳೆ, ಎರಡನೇ ಸಲ ನೋಡುವುದಿಲ್ಲ. ಅವಳ ಚುಕ್ಕೆ ಯಾವಾಗಲೂ ನೂರು. ಅಪಾಯದ ಔಷಧಿಗಳಿಗೆ ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಮಾಡಿ ತಾಳೆ ನೋಡುವ ಪದ್ಧತಿ ನರ್ಸಿಂಗ್‌ನಲ್ಲಿ ಇರುವುದೇ ಯಾರೂ ನೂರಾಗಬಾರದು ಅಂತ. ನನ್ನ ಭಯ ನನ್ನನ್ನು ಎರಡು ಸಲ ಲೆಕ್ಕ ಮಾಡಿಸಿದೆ. ಅದರಲ್ಲಿ ಎಷ್ಟು ಭಯ, ಎಷ್ಟು ಎಚ್ಚರ ಅಂತ ಬೇರ್ಪಡಿಸಲು ಈ ಆ್ಯಪ್‌ನ ಅಂಕಿಗಳೇ ಸಹಾಯ ಮಾಡಿದವು. ಆದರೆ ಬಹುಮಾನ ಕೊಡುವಾಗ ಅದು ಚುಕ್ಕೆಯ ಎತ್ತರಕ್ಕೆ ಕೊಡುತ್ತದೆ. ಚುಕ್ಕೆಯೂ ಫಲಿತಾಂಶವೂ ಎಷ್ಟು ಹತ್ತಿರ ಬಂದವು ಅನ್ನುವುದಕ್ಕೆ ಕೊಡಬೇಕಿತ್ತು. ಇದನ್ನು ಅವರಿಗೆ ಬರೆದೆ. "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಅಂತ ಉತ್ತರ ಒಂದೇ ಸೆಕೆಂಡಿನಲ್ಲಿ ಬಂತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಆ ಅರ್ಧ ಬರೀ 20/60ಕ್ಕೆ. ಗಣಿತ ತಲೆಗೆ ಹತ್ತುವುದಿಲ್ಲ ಅನ್ನುತ್ತಾ ದಿನವಿಡೀ ಅಳತೆ, ತೂಕ, ಸಮಯದ ಜೊತೆ ಕೆಲಸ ಮಾಡುವವರು ಹಾಕಿಕೊಳ್ಳಬಹುದು. ಪರೀಕ್ಷೆಗೆ ಓದುವ ಮಕ್ಕಳಿಗೆ ಬೇಡ, ಆ ಟೈಮರ್ ಸಾಕು ಅವರನ್ನು ಓಡಿಸಲು. ಹಾಕಿಕೊಂಡ ತಕ್ಷಣ ಗಡಿಯಾರ ಆರಿಸಿ, ಗೊಂಬೆಯನ್ನೂ ಆರಿಸಿ, ಚುಕ್ಕೆಯನ್ನು ಮಾತ್ರ ಬಿಡಬೇಡಿ.

ಚುಕ್ಕೆ ಈಗ ಮನೆಯಲ್ಲೂ ಬಂದಿದೆ. ಮೊನ್ನೆ ಮಗಳು ಮುಕ್ಕಾಲನ್ನು ಅರ್ಧದಿಂದ ಭಾಗಿಸುವ ಲೆಕ್ಕ ತಂದಳು.

"ಅಮ್ಮಾ, ನಿನ್ನ ಚುಕ್ಕೆ ಎಷ್ಟು?"

"ಐವತ್ತೈದು. ನಿಂದು?"

"ತೊಂಬತ್ತು."

ಇಬ್ಬರೂ ಬೇರೆ ಬೇರೆ ಕಾಗದದಲ್ಲಿ ಮಾಡಿ ತಾಳೆ ನೋಡಿದೆವು. ಇಬ್ಬರದೂ ಎಂಟನೇ ಮೂರು. ಹಿಂದೆ ತಿರುಗಿಸಿ ನೋಡಿದರೆ ಉತ್ತರ ಒಂದೂವರೆ ಅಂತಿತ್ತು. ಅವಳು ಪುಸ್ತಕ ಮುಚ್ಚಲಿಲ್ಲ. "ನಿನ್ನದು ನನಗಿಂತ ಕಮ್ಮಿ ತಪ್ಪು ಅಮ್ಮ" ಅಂದು ಇನ್ನೊಂದು ಹಾಳೆ ಹರಿದಳು.